ಬರುವವರ ಲೆಕ್ಕ, ಬಂದವರ ಬದುಕು

ವಿದೇಶಿ ವಿದ್ಯಾರ್ಥಿಗಳನ್ನು ಸೆಳೆಯಲು ನಮ್ಮ ವಿಶ್ವವಿದ್ಯಾಲಯಗಳು ಹೊರತರುವ ಕೈಪಿಡಿಗಳನ್ನೂ ಯೋಜನಾ ಟಿಪ್ಪಣಿಗಳನ್ನೂ ಕಥೆ ಬರೆಯುವವರು ಓದಿ ವಿಮರ್ಶಿಸುವ ಅಗತ್ಯವೇನು ಎಂದು ಕೆಲವರಿಗೆ ಅನ್ನಿಸಬಹುದು. ಅವು ಸಾಹಿತ್ಯವಲ್ಲ, ಒಪ್ಪೋಣ. ಆದರೆ ಅವುಗಳ ಹೊಟ್ಟೆಯಲ್ಲಿ ಒಂದು ಕಥೆ ಇದ್ದೇ ಇದೆ. ಹತ್ತೊಂಬತ್ತು ಇಪ್ಪತ್ತರ ಹರೆಯದ ಹುಡುಗನೋ ಹುಡುಗಿಯೋ ತಾಯಿಯ ಕೈಯಡುಗೆ, ತನ್ನ ಭಾಷೆ, ತನ್ನ ಓಣಿ ಎಲ್ಲವನ್ನೂ ಬಿಟ್ಟು, ಬರೀ ಹೆಸರು ಕೇಳಿದ ಊರೊಂದಕ್ಕೆ ಓದಲು ಬರುವ ಕಥೆ ಅದು. ಇಂಥ ಕಥೆಯನ್ನು ಹೇಳುವ ಬರಹದಲ್ಲಿ ಆ ಹುಡುಗನೇ ಎಲ್ಲೂ ಕಾಣಿಸದೆ, ‘ಮಾರುಕಟ್ಟೆ’, ‘ಗುರಿ’, ‘ಬ್ರ್ಯಾಂಡ್’, ‘ಆದಾಯದ ಮೂಲ’ ಇವೇ ಪಾತ್ರಗಳಾಗಿ ಓಡಾಡುತ್ತಿದ್ದರೆ ಅದನ್ನು ಕೆಟ್ಟ ಬರಹ ಎಂದು ಕರೆಯದೆ ವಿಧಿಯಿಲ್ಲ. ಉರ್ದುವಿನಲ್ಲಿ ವಿದ್ಯಾರ್ಥಿಗೆ ‘ತಾಲಿಬೆ ಇಲ್ಮ್’ ಎನ್ನುತ್ತೇವೆ. ಜ್ಞಾನವನ್ನು ಬೇಡಿ ಬಂದವನು ಎಂದರ್ಥ. ಕನ್ನಡದ ‘ವಿದ್ಯಾರ್ಥಿ’ಯೂ ಅದೇ ಅರ್ಥದವನು. ಈಗಿನ ಯೋಜನೆಗಳಲ್ಲಿ ಬೇಡುವ ಸ್ಥಾನದಲ್ಲಿ ನಿಂತಿರುವುದು ವಿಶ್ವವಿದ್ಯಾಲಯ. ಅದು ಬೇಡುತ್ತಿರುವುದು ಮಾತ್ರ ಜ್ಞಾನವನ್ನಲ್ಲ.

ಸರ್ಕಾರದ ದೊಡ್ಡ ಯೋಜನೆಯಿಂದಲೇ ಆರಂಭಿಸೋಣ. 2018ರ ಏಪ್ರಿಲ್‌ನಲ್ಲಿ ಕೇಂದ್ರದ ಮಾನವ ಸಂಪನ್ಮೂಲ ಅಭಿವೃದ್ಧಿ ಸಚಿವಾಲಯ ‘ಸ್ಟಡಿ ಇನ್ ಇಂಡಿಯಾ’ ಎಂಬ ಕಾರ್ಯಕ್ರಮಕ್ಕೆ ಚಾಲನೆ ಕೊಟ್ಟಿತು. ಆಗ ದೇಶದಲ್ಲಿ ಓದುತ್ತಿದ್ದ ವಿದೇಶಿಯರು ಸುಮಾರು 46 ಸಾವಿರ. 2023ರ ಹೊತ್ತಿಗೆ ಇದನ್ನು 2 ಲಕ್ಷಕ್ಕೆ ಮುಟ್ಟಿಸುವುದು ಗುರಿ. ಆದದ್ದೇನು? ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ 2019-20ರಲ್ಲಿ ಆ ಸಂಖ್ಯೆ 49,348. 2021-22ರಲ್ಲಿ 46,878. ಹೊರಟ ಜಾಗಕ್ಕೇ ಬಂದು ನಿಂತಂತಾಯಿತು. ನಡುವೆ ಕೊರೋನಾ ಬಂತು ಎಂಬ ಸಮಜಾಯಿಷಿ ಇದೆ, ಅದರಲ್ಲಿ ಸತ್ಯವೂ ಇದೆ. ಆದರೆ ರೋಗ ಬರುವ ಮುನ್ನದ ಎರಡು ವರ್ಷಗಳಲ್ಲಿ ಹೆಚ್ಚಿದ್ದೂ ಮೂರು ಸಾವಿರದಷ್ಟೇ. ಇತ್ತ ಓದಲೆಂದು ನಮ್ಮಲ್ಲಿಂದ ಹೊರದೇಶಗಳಿಗೆ ಹೋದವರ ಸಂಖ್ಯೆ 2024ರಲ್ಲಿ 13 ಲಕ್ಷವನ್ನು ದಾಟಿತ್ತು. ‘ವಿಶ್ವಗುರು’ ಎಂಬ ಪದವನ್ನು ದಿನಕ್ಕೆ ಹತ್ತು ಸಲ ಉಚ್ಚರಿಸುವವರು ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದ್ದಾರೆಯೇ?

ಬಂದವರು ಯಾರು ಎಂಬುದನ್ನು ನೋಡಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. 2021-22ರ ಸಮೀಕ್ಷೆಯಲ್ಲಿ ನೂರಕ್ಕೆ ಇಪ್ಪತ್ತೆಂಟರಷ್ಟು ಮಂದಿ ನೇಪಾಳದವರು. ಅವರಿಗೆ ವೀಸಾ ಬೇಕಿಲ್ಲ, ಗಡಿ ತೆರೆದಿದೆ, ಅಣ್ಣನೋ ಮಾವನೋ ಈಗಾಗಲೇ ಇಲ್ಲಿ ಕೆಲಸದಲ್ಲಿರುತ್ತಾನೆ. ಯಾವ ಜಾಹೀರಾತನ್ನೂ ನೋಡಿ ಬಂದವರಲ್ಲ ಅವರು. ಆನಂತರದ ಸ್ಥಾನಗಳಲ್ಲಿ ಅಫಘಾನಿಸ್ತಾನ, ಅಮೆರಿಕ, ಬಾಂಗ್ಲಾದೇಶ, ಅರಬ್ ಸಂಯುಕ್ತ ಸಂಸ್ಥಾನ, ಭೂತಾನ್. ಅಮೆರಿಕ, ಎಮಿರೇಟ್ಸ್ ಎಂದು ಬರೆಸಿಕೊಂಡವರಲ್ಲಿ ಅನೇಕರು ಅಲ್ಲಿ ಹುಟ್ಟಿ ಬೆಳೆದ ನಮ್ಮದೇ ಮಕ್ಕಳು. ಭಟ್ಕಳ, ಉಡುಪಿ, ಮಂಗಳೂರು, ಉಳ್ಳಾಲದ ಮನೆಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ವಿದೇಶಿಯರಿಗೆಂದು ತೆಗೆದಿಟ್ಟ ಶೇಕಡಾ 15ರ ಹೆಚ್ಚುವರಿ ಸೀಟುಗಳಲ್ಲಿ ಮೂರನೇ ಒಂದು ಪಾಲನ್ನು ಗಲ್ಫ್‌ನಲ್ಲಿ ದುಡಿಯುವ ಭಾರತೀಯರ ಮಕ್ಕಳಿಗೆ ಇಟ್ಟದ್ದೂ ಉಂಟು. ಬಂದರು ಕಟ್ಟುತ್ತಲೋ ಟ್ಯಾಕ್ಸಿ ಓಡಿಸುತ್ತಲೋ ಇರುವ ಬ್ಯಾರಿ ತಂದೆಯ ಮಗಳು ಮಂಗಳೂರಿನ ಕಾಲೇಜಿಗೆ ಬಂದು ಸೇರಿದರೆ ನಮ್ಮ ವರದಿಗಳಲ್ಲಿ ಅದು ‘ಅಂತಾರಾಷ್ಟ್ರೀಯ ವೈವಿಧ್ಯ’ವಾಗಿ ಹೊಳೆಯುತ್ತದೆ!

ಕೈಪಿಡಿಗಳ ಮುಖಪುಟ ಬೇರೆಯದೇ ಮಾತಾಡುತ್ತದೆ. ಅಲ್ಲಿ ಹುಲ್ಲುಹಾಸಿನ ಮೇಲೆ ಕುಳಿತು ನಗುವ ಬಿಳಿಯ ಹುಡುಗಿ ಇದ್ದೇ ಇರುತ್ತಾಳೆ. ಸುಡಾನಿನ ಹುಡುಗ, ಯೆಮೆನಿನ ಹುಡುಗ, ಹಿಜಾಬು ಧರಿಸಿದ ಅಫಘಾನಿ ಹುಡುಗಿ ತರಗತಿಯಲ್ಲಿ ಇರುತ್ತಾರೆ, ಶುಲ್ಕ ಕಟ್ಟಿರುತ್ತಾರೆ, ಚಿತ್ರದಲ್ಲಿ ಇರುವುದಿಲ್ಲ. ನಿಜವಾಗಿ ಬರುವವರ ಬಗ್ಗೆ ಒಂದು ಬಗೆಯ ನಾಚಿಕೆ, ಬಾರದವರ ಬಗ್ಗೆ ತೀರದ ಹಂಬಲ. ಕರ್ನಾಟಕ ವರ್ಷಗಟ್ಟಲೆ ಈ ಪಟ್ಟಿಯಲ್ಲಿ ದೇಶಕ್ಕೇ ಮೊದಲು ನಿಂತ ರಾಜ್ಯ. 2018-19ರಲ್ಲಿ ಇಲ್ಲಿದ್ದವರು ಹತ್ತು ಸಾವಿರದ ಆಸುಪಾಸು. ಮೈಸೂರು, ಬೆಂಗಳೂರು, ಮಣಿಪಾಲಗಳಿಗೆ ಇರಾನಿಗಳು, ಆಫ್ರಿಕದವರು, ಅರಬರು, ಮಲೇಷಿಯಾದವರು ಬಂದು ಓದಿ ಹೋಗಿದ್ದಾರೆ. ಅವರ ನೆನಪನ್ನು ಆಸ್ತಿಯೆಂದು ಕಾಪಾಡಿಕೊಳ್ಳುವ ಬದಲು ನಾವು ಹೊಸ ‘ಮಾರುಕಟ್ಟೆ’ ಹುಡುಕಲು ಹೊರಟಿದ್ದೇವೆ.

ಇಲ್ಲಿ ಬೀದರಿನ ಮಾತು ಬರಬೇಕು. ‘ಅಂತಾರಾಷ್ಟ್ರೀಕರಣ’ ಎಂಬ ಪದವನ್ನು ನಿನ್ನೆ ಮೊನ್ನೆ ಕಲಿತವರಂತೆ ಆಡುತ್ತಿರುವ ನಮ್ಮ ನಾಡಿನಲ್ಲೇ, 1472ರಲ್ಲಿ, ಮಹಮೂದ್ ಗಾವಾನ್ ಕಟ್ಟಿಸಿದ ಮದರಸಾ ಇದೆ. ಗಾವಾನ್ ಇರಾನಿನ ಗಿಲಾನ್ ಪ್ರಾಂತ್ಯದವನು, ವ್ಯಾಪಾರಿಯಾಗಿ ಬಂದು ಬಹಮನಿಗಳ ಪ್ರಧಾನಿಯಾದವನು. ಮೂರು ಅಂತಸ್ತಿನ ಆ ಕಟ್ಟಡದಲ್ಲಿ ವಿದ್ಯಾರ್ಥಿಗಳ ಕೋಣೆ, ಉಪನ್ಯಾಸಕರ ವಸತಿ, ಮಸೀದಿ, ಮೂರು ಸಾವಿರದಷ್ಟು ಹಸ್ತಪ್ರತಿಗಳ ಗ್ರಂಥಾಲಯ ಎಲ್ಲವೂ ಒಂದೇ ಸೂರಿನಡಿ ಇದ್ದವು. ಊಟ, ವಸತಿ, ಪಾಠ ಯಾವುದಕ್ಕೂ ದುಡ್ಡಿಲ್ಲ. ವಿದ್ವಾಂಸರನ್ನು ಕರೆಸಲು ಗಾವಾನ್ ಮಾಡಿದ ಕೆಲಸ ಸರಳ, ಆದರೆ ಕಷ್ಟದ್ದು. ತಾನೇ ಕುಳಿತು ಕಾಗದ ಬರೆದ. ಅವನ ಪತ್ರಗಳ ಸಂಗ್ರಹ ‘ರಿಯಾಜುಲ್ ಇನ್ಶಾ’ ಇಂದಿಗೂ ಉಳಿದಿದೆ. ಹೆರಾತಿನಲ್ಲಿದ್ದ ಮಹಾಕವಿ ಜಾಮಿಯನ್ನೇ ಬೀದರಿಗೆ ಬಾ ಎಂದು ಕರೆದವನು ಆತ. ಜಾಮಿ ಬರಲಿಲ್ಲ. ಆದರೆ ಪತ್ರ ವ್ಯವಹಾರ ನಿಲ್ಲಲಿಲ್ಲ. ಕರೆಯುವವನು ತಾನು ಯಾರನ್ನು ಕರೆಯುತ್ತಿದ್ದೇನೆ ಎಂದು ಬಲ್ಲವನಾಗಿದ್ದ, ಅವರ ಪುಸ್ತಕಗಳನ್ನು ಓದಿದ್ದ. ಈಗ ಒಂದೇ ಮಿಂಚಂಚೆ ನಲವತ್ತು ದೇಶಗಳಿಗೆ ಹೋಗುತ್ತದೆ, ಹೆಸರಿನ ಜಾಗ ಮಾತ್ರ ಖಾಲಿ ಬಿಟ್ಟು.

ಬೀದರಿನ ಕಥೆಯನ್ನು ಹೆಮ್ಮೆಗಾಗಿ ಮಾತ್ರ ಹೇಳಿ ಮುಗಿಸುವವರ ಗುಂಪಿಗೆ ನಾನು ಸೇರಲಾರೆ. ಆ ಕಥೆಗೆ ರಕ್ತಸಿಕ್ತ ಅಧ್ಯಾಯವೊಂದಿದೆ. ಬಹಮನಿ ದೊರೆಗಳು ಹೊರಗಿನಿಂದ ಪ್ರತಿಭೆಯನ್ನು ತರಿಸಿಕೊಂಡರು. ಹಾಗೆ ಬಂದವರಿಗೆ ‘ಆಫಾಕಿ’ಗಳೆಂದು ಹೆಸರಾಯಿತು, ದಿಗಂತದಾಚೆಯವರು ಎಂದರ್ಥ. ಮೊದಲೇ ನೆಲೆಸಿದ್ದವರು ‘ದಖ್ಖನಿ’ಗಳು. ಇವರಿಬ್ಬರ ನಡುವಿನ ಹಗೆ ಒಂದೆರಡು ತಲೆಮಾರಲ್ಲಿ ಆಸ್ಥಾನವನ್ನೇ ಸೀಳಿತು. ಸ್ವತಃ ಆಫಾಕಿಯಾಗಿದ್ದ ಗಾವಾನ್ ಎರಡೂ ಪಂಗಡಗಳಿಗೆ ಹುದ್ದೆಗಳನ್ನು ಹಂಚಿ ಸಮತೋಲ ತರಲು ಹೆಣಗಿದ. ಕೊನೆಗೆ ಖಾಲಿ ಕಾಗದಕ್ಕೆ ಅವನ ಮೊಹರು ಹಾಕಿಸಿಕೊಂಡ ವಿರೋಧಿಗಳು ಅದರ ಮೇಲೆ ಒಡಿಶಾದ ದೊರೆಗೆ ಬರೆದಂತೆ ದ್ರೋಹದ ಪತ್ರ ಸೃಷ್ಟಿಸಿದರು. 1481ರಲ್ಲಿ ಸುಲ್ತಾನನ ಅಪ್ಪಣೆಯಂತೆ ಆತನ ತಲೆ ಉರುಳಿತು. ಕಾಗದ ಬರೆದು ಜಗತ್ತನ್ನು ಕರೆದವನು ಒಂದು ಕಾಗದದಿಂದಲೇ ಸತ್ತ. ಆ ಮದರಸಾದ ಅರ್ಧಭಾಗ ಹದಿನೇಳನೆಯ ಶತಮಾನದ ಕೊನೆಯಲ್ಲಿ, ಮೊಘಲರ ಕಾಲದಲ್ಲಿ, ಒಳಗೆ ತುಂಬಿಟ್ಟಿದ್ದ ಮದ್ದು ಸಿಡಿದು ಬಿದ್ದುಹೋಯಿತು. ಉಳಿದಿರುವ ಒಂದು ಮಿನಾರಿನ ಮೇಲೆ ಇರಾನಿ ಹೆಂಚುಗಳ ನೀಲಿ ಇನ್ನೂ ಅಲ್ಲಲ್ಲಿ ಇದೆ.

ಆಫಾಕಿಗಳಿಗೆ ಇನ್ನೊಂದು ಹೆಸರೂ ಇತ್ತು: ‘ಗರೀಬ್’. ಅರಬಿ, ಫಾರಸಿಗಳಲ್ಲಿ ಗರೀಬ್ ಎಂದರೆ ಪರದೇಶಿ, ಊರು ಬಿಟ್ಟು ಬಂದವನು. ಉರ್ದುವಿಗೂ ಕನ್ನಡಕ್ಕೂ ಬರುವಷ್ಟರಲ್ಲಿ ಅದರ ಅರ್ಥ ‘ಬಡವ’ ಎಂದಾಯಿತು. ಕನ್ನಡದ ‘ಪರದೇಶಿ’ಯ ಗತಿಯೂ ಅಷ್ಟೇ. ‘ಅವನೊಬ್ಬ ಪರದೇಶಿ’ ಎಂದರೆ ನಮ್ಮ ಹಳ್ಳಿಗಳಲ್ಲಿ ದಿಕ್ಕುದೆಸೆ ಇಲ್ಲದವನು ಎಂದೇ ಅರ್ಥ. ಎರಡು ಭಾಷೆಗಳು ಒಂದೇ ದಾರಿ ಹಿಡಿದಿವೆ. ಊರು ಬಿಟ್ಟವನು, ಎಷ್ಟೇ ಹಣ ತಂದಿರಲಿ, ಒಂದು ಅರ್ಥದಲ್ಲಿ ಬಡವನೇ ಎಂದು ಭಾಷೆಗೆ ಗೊತ್ತಿದೆ. ಇಸ್ಲಾಮಿನಲ್ಲಿ ಝಕಾತ್ ಪಡೆಯಲು ಅರ್ಹರಾದ ಎಂಟು ವರ್ಗಗಳಲ್ಲಿ ‘ಇಬ್ನುಸ್ಸಬೀಲ್’ ಅಂದರೆ ದಾರಿಹೋಕನೂ ಒಬ್ಬ. ತನ್ನ ಮನೆಯಲ್ಲಿ ಸಿರಿವಂತನಾಗಿದ್ದರೂ ಪರಊರಿನಲ್ಲಿ ಕೈ ಬರಿದಾದರೆ ಅವನಿಗೆ ಹಕ್ಕಿದೆ ಎಂದು ಫಿಕ್ಹ್ ಪಂಡಿತರು ಹೇಳುತ್ತಾರೆ. ವಿದೇಶಿ ವಿದ್ಯಾರ್ಥಿಯನ್ನು ‘ಹಣವುಳ್ಳ ಗಿರಾಕಿ’ ಎಂದಷ್ಟೇ ನೋಡುವ ಯೋಜನಾಕಾರರಿಗೆ ಈ ತಿಳಿವಳಿಕೆ ಇಲ್ಲ.

ಹಾಗೆಂದರೆ ಇದು ಬರಿಯ ಭಾವುಕತೆ ಎಂದು ತಳ್ಳಿಹಾಕಬೇಕಿಲ್ಲ, ಲೆಕ್ಕದ ಮಾತನ್ನೇ ಆಡೋಣ. ಸುಡಾನಿನಲ್ಲಿ 2023ರ ಏಪ್ರಿಲ್‌ನಲ್ಲಿ ಯುದ್ಧ ಶುರುವಾಯಿತು. ಯೆಮೆನ್ 2015ರಿಂದ ಉರಿಯಿತು. ನೈಜೀರಿಯಾದ ನಾಣ್ಯ 2023ರ ಜೂನ್‌ನಲ್ಲಿ ಒಮ್ಮೆಲೇ ಕುಸಿಯಿತು. ಶ್ರೀಲಂಕಾ 2022ರಲ್ಲಿ ದಿವಾಳಿಯಾಯಿತು. ಇರಾನಿನಿಂದ ಬ್ಯಾಂಕಿನ ಮೂಲಕ ಹಣ ತರಿಸುವುದು ನಿರ್ಬಂಧಗಳ ದೆಸೆಯಿಂದ ವರ್ಷಗಳಿಂದಲೂ ಒಂದು ಸಾಹಸ. ಇಂಥ ದೇಶಗಳಿಂದಲೇ ನಮಗೆ ವಿದ್ಯಾರ್ಥಿಗಳು ಬರುವುದು. ಹೀಗಿರುವಾಗ, ಮನೆಯಿಂದ ಹಣ ಬರುವುದು ನಿಂತುಹೋದ ಎರಡನೆಯ ವರ್ಷದ ವಿದ್ಯಾರ್ಥಿಗೆ ಮುಂದಿನ ಶುಲ್ಕದ ತನಕ ಏನು ಮಾಡಬೇಕೆಂದು ಯೋಜನೆಯಲ್ಲಿ ಒಂದು ಸಾಲಾದರೂ ಇರಬೇಡವೇ? ಮೇಳಗಳಿಗೆ, ಏಜೆಂಟರ ಕಮಿಷನ್ನಿಗೆ, ದುಬೈ ನೈರೋಬಿಗಳ ಹೋಟೆಲುಗಳಿಗೆ ಬಜೆಟ್ಟಿನಲ್ಲಿ ತಲೆಬರಹ ಇರುತ್ತದೆ. ಆಪತ್ತಿನ ನಿಧಿಗೆ ಇರುವುದಿಲ್ಲ. ಶುಲ್ಕ ಬಾಕಿಯಾದರೆ ಹಾಲ್ ಟಿಕೆಟ್ ಇಲ್ಲ, ಪರೀಕ್ಷೆ ಇಲ್ಲದಿದ್ದರೆ ವೀಸಾ ವಿಸ್ತರಣೆ ಇಲ್ಲ, ವೀಸಾ ಮುಗಿದರೆ ಅವನು ಅಪರಾಧಿ. ಮೂರೇ ಮೆಟ್ಟಿಲು.

2021ರ ಆಗಸ್ಟಿನಲ್ಲಿ ಕಾಬೂಲ್ ತಾಲಿಬಾನರ ಕೈಗೆ ಹೋದಾಗ ಭಾರತ ಸರ್ಕಾರ ಅಫಘಾನರಿಗೆ ಮೊದಲು ಕೊಟ್ಟಿದ್ದ ವೀಸಾಗಳನ್ನೆಲ್ಲ ರದ್ದು ಮಾಡಿತು. ಕೊರೋನಾದಿಂದಾಗಿ ಊರಿಗೆ ಹೋಗಿದ್ದ ಸಾವಿರಾರು ವಿದ್ಯಾರ್ಥಿಗಳು ಅಲ್ಲೇ ಉಳಿದರು. ಅವರಲ್ಲಿ ಹುಡುಗಿಯರೂ ಇದ್ದರು. ಅವರಿಗೆ ಅಲ್ಲಿ ಓದುವ ದಾರಿ ಮುಚ್ಚಿತು, ಇಲ್ಲಿ ಬರುವ ದಾರಿಯೂ ಮುಚ್ಚಿತು. ಭಾರತ ಅಫಘಾನರಿಗೆ ವರ್ಷಕ್ಕೆ 1,000 ವಿದ್ಯಾರ್ಥಿವೇತನ ಕೊಡುತ್ತಿದ್ದ ದೇಶ. ಹಮೀದ್ ಕರ್ಜಾಯಿ ಶಿಮ್ಲಾದ ಹಿಮಾಚಲ ಪ್ರದೇಶ ವಿಶ್ವವಿದ್ಯಾಲಯದಲ್ಲಿ ಓದಿ ಹೋಗಿ ಮುಂದೆ ಆ ದೇಶದ ಅಧ್ಯಕ್ಷರಾದವರು. ಅವರು ಭಾರತದ ಬಗ್ಗೆ ಆಡುತ್ತಿದ್ದ ಪ್ರೀತಿಯ ಮಾತು ಯಾವ ಜಾಹೀರಾತು ಸಂಸ್ಥೆಯೂ ಬರೆದುಕೊಟ್ಟದ್ದಲ್ಲ. ಭದ್ರತೆಯ ಕಾರಣಗಳು ಇರಬಹುದು, ಸರ್ಕಾರಗಳಿಗೆ ಇರುತ್ತವೆ. ಆದರೆ ಹೆಸರು, ವಿಭಾಗ, ಹಾಜರಿ ಎಲ್ಲವೂ ತಮ್ಮ ಕಡತದಲ್ಲೇ ಇದ್ದ ವಿದ್ಯಾರ್ಥಿಗಳ ಪರವಾಗಿ ನಮ್ಮ ವಿಶ್ವವಿದ್ಯಾಲಯಗಳು ಎಷ್ಟು ಗಟ್ಟಿಯಾಗಿ ಮಾತನಾಡಿದವು ಎಂಬುದೇ ಪ್ರಶ್ನೆ. ಕರೆಯುವಾಗ ಇದ್ದ ದನಿ ಕಾಪಾಡುವಾಗ ಕೇಳಿಸಲಿಲ್ಲ.

ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತು 1950ರಲ್ಲಿ ಹುಟ್ಟಿದ್ದು ಮೌಲಾನಾ ಅಬುಲ್ ಕಲಾಂ ಆಜಾದರಿಂದ. ದೇಶ ಇಬ್ಭಾಗವಾಗಿ ಮೂರು ವರ್ಷವೂ ತುಂಬಿರಲಿಲ್ಲ, ಖಜಾನೆ ಬರಿದಾಗಿತ್ತು, ನಿರಾಶ್ರಿತರ ಶಿಬಿರಗಳು ಇನ್ನೂ ಮುಚ್ಚಿರಲಿಲ್ಲ. ಅಂಥ ಹೊತ್ತಿನಲ್ಲಿ ಶಿಕ್ಷಣ ಸಚಿವರೊಬ್ಬರು ಹೊರದೇಶದ ಮಕ್ಕಳಿಗೆ ವಿದ್ಯಾರ್ಥಿವೇತನದ ಮಾತಾಡಿದರು, ಅದೇ ವರ್ಷ ‘ಸಖಾಫತುಲ್ ಹಿಂದ್’ ಎಂಬ ಅರಬಿ ಪತ್ರಿಕೆಯನ್ನೂ ಹೊರಡಿಸಿದರು. ಅವರ ಮುಂದೆ ಇದ್ದುದು ಆದಾಯವಲ್ಲ, ಏಷ್ಯಾ ಆಫ್ರಿಕಗಳ ಹೊಸ ರಾಷ್ಟ್ರಗಳೊಡನೆ ನಂಟು. ಇವತ್ತು ಅಂಥ ಮಾತಾಡಿದರೆ ‘ನೆಹರೂ ಯುಗದ ಆದರ್ಶವಾದ’ ಎಂದು ಮುಗುಳ್ನಗುತ್ತಾರೆ. ನಗಲಿ. ನಂಟಿಗಾಗಿ ಕರೆದಾಗ ಬಂದವರು ಮಂತ್ರಿ, ಪ್ರಾಧ್ಯಾಪಕ, ರಾಷ್ಟ್ರಾಧ್ಯಕ್ಷರಾಗಿ ನಮ್ಮನ್ನು ನೆನೆಸಿಕೊಂಡರು. ಆದಾಯಕ್ಕಾಗಿ ಕರೆಯತೊಡಗಿದ ಮೇಲೆ ಸಂಖ್ಯೆಯೂ ಏರಲಿಲ್ಲ, ಆದಾಯವೂ ಬರಲಿಲ್ಲ.

ಪುಣೆಯ ಸಿಂಬಯೋಸಿಸ್ ಸಂಸ್ಥೆಯ ಹುಟ್ಟಿನ ಬಗ್ಗೆ ಅದರ ಸ್ಥಾಪಕ ಎಸ್. ಬಿ. ಮುಜುಂದಾರ್ ಅನೇಕ ಸಲ ಹೇಳಿರುವ ಪ್ರಸಂಗವೊಂದಿದೆ. ಅವರು ಫರ್ಗುಸನ್ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರು, ಹುಡುಗರ ಹಾಸ್ಟೆಲಿನ ಮೇಲ್ವಿಚಾರಕರು. ಒಂದು ದಿನ ಹುಡುಗಿಯೊಬ್ಬಳು ಹಾಸ್ಟೆಲಿನ ಕಿಟಕಿಯ ಮೂಲಕ ಒಳಗಿನ ಹುಡುಗನಿಗೆ ಏನೋ ಕೊಡುತ್ತಿದ್ದುದು ಅವರ ಕಣ್ಣಿಗೆ ಬಿತ್ತು. ಹೋಗಿ ವಿಚಾರಿಸಿದರೆ, ಒಳಗಿದ್ದವನು ಮಾರಿಷಸ್‌ನಿಂದ ಬಂದ ವಿದ್ಯಾರ್ಥಿ, ಕಾಮಾಲೆಯಿಂದ ಮಲಗಿದ್ದಾನೆ, ಹಾಸ್ಟೆಲಿನ ಊಟ ಅವನಿಗೆ ಒಗ್ಗದು, ಆಕೆ ಪಥ್ಯದ ಊಟ ತಂದುಕೊಡುತ್ತಿದ್ದಾಳೆ. ವಿದೇಶಿ ವಿದ್ಯಾರ್ಥಿಗಳಿಗಾಗಿ 1971ರಲ್ಲಿ ಒಂದು ಸಾಂಸ್ಕೃತಿಕ ಕೇಂದ್ರ ಆರಂಭವಾದದ್ದು ಆ ಕಿಟಕಿಯಿಂದ. ಈಗ ಅದು ದೊಡ್ಡ ಖಾಸಗಿ ವಿಶ್ವವಿದ್ಯಾಲಯ, ದುಬಾರಿ ಶುಲ್ಕದ್ದು, ಅದರ ಬಗ್ಗೆ ಬೇರೆ ಟೀಕೆಗಳಿವೆ. ಆದರೆ ಒಂದು ಯೋಜನೆ ಎಲ್ಲಿಂದ ಆರಂಭವಾಗಬೇಕು ಎಂಬುದಕ್ಕೆ ಇದಕ್ಕಿಂತ ಚಿಕ್ಕ, ಇದಕ್ಕಿಂತ ಸರಿಯಾದ ಉದಾಹರಣೆ ನನಗೆ ಸಿಕ್ಕಿಲ್ಲ.

ಕೈರೋದ ಅಲ್ ಅಝ್‌ಹರ್ ಈ ಕೆಲಸವನ್ನು ಶತಮಾನಗಳ ಕಾಲ ‘ರಿವಾಕ್’ಗಳ ಮೂಲಕ ನಡೆಸಿತು. ಮಸೀದಿಯ ಕಂಬಸಾಲುಗಳ ನಡುವೆ ಒಂದೊಂದು ನಾಡಿನವರಿಗೆ ಒಂದೊಂದು ರಿವಾಕ್. ಮಗ್ರಿಬಿಗಳದ್ದು, ಸಿರಿಯಾದವರದ್ದು, ತುರ್ಕರದ್ದು, ಜಾವಾದವರದ್ದು. ಪ್ರತಿಯೊಂದಕ್ಕೂ ತನ್ನದೇ ವಕ್ಫ್, ಅದರ ಆದಾಯದಿಂದ ದಿನಕ್ಕೆ ಇಷ್ಟು ರೊಟ್ಟಿ ಎಂಬ ಲೆಕ್ಕ. ತನ್ನ ಭಾಷೆಯವರ ನಡುವೆ ಮಲಗಿ, ಎಲ್ಲರ ಭಾಷೆಯಾದ ಅರಬಿಯಲ್ಲಿ ಪಾಠ ಕೇಳಬಹುದಿತ್ತು. ಎಲ್ಲವೂ ಚೆನ್ನಾಗಿತ್ತು ಎನ್ನಲಾಗದು. 1892ರಲ್ಲಿ ಅಲ್ಲಿಗೆ ಹೋದ ಮೌಲಾನಾ ಶಿಬ್ಲಿ ನೋಮಾನಿ ಅಲ್ಲಿಯ ಬೋಧನಾಕ್ರಮ ಕಂಡು ನಿರಾಶರಾದುದನ್ನು ತಮ್ಮ ಪ್ರವಾಸ ಕಥನದಲ್ಲಿ ಮುಚ್ಚಿಟ್ಟಿಲ್ಲ. ರೊಟ್ಟಿಯ ವ್ಯವಸ್ಥೆ ಇದ್ದ ಮಾತ್ರಕ್ಕೆ ವಿದ್ಯೆ ಹೊಸದಾಗುವುದಿಲ್ಲ ಎಂಬುದು ಅವರ ತಕರಾರಿನ ತಿರುಳು. ನಮ್ಮ ಕಷ್ಟ ಇನ್ನೂ ದೊಡ್ಡದು. ರೊಟ್ಟಿಯನ್ನೂ ಯೋಚಿಸಿಲ್ಲ, ಪಾಠವನ್ನೂ ಯೋಚಿಸಿಲ್ಲ. ಅರ್ಧದಷ್ಟು ಅಧ್ಯಾಪಕ ಹುದ್ದೆ ಖಾಲಿ ಬಿದ್ದಿರುವ ವಿಭಾಗಕ್ಕೆ ಕೀನ್ಯಾದ ಹುಡುಗ ಯಾಕೆ ಬರಬೇಕು? ನಮ್ಮ ಹುಡುಗರೇ ಅಲ್ಲಿ ಗತಿಯಿಲ್ಲದೆ ಕುಳಿತಿದ್ದಾರೆ.

ಮತ್ತೂ ಒಂದು ಕಾರಣ ಈ ಯೋಜನೆಗಳ ಹಿಂದೆ ಕೆಲಸ ಮಾಡುತ್ತದೆ, ಅದು ಅಂಕದ ಆಸೆ. ಕ್ಯೂಎಸ್ ಎಂಬ ಜಾಗತಿಕ ಶ್ರೇಯಾಂಕ ಪಟ್ಟಿಯಲ್ಲಿ ವಿದೇಶಿ ವಿದ್ಯಾರ್ಥಿಗಳ ಪ್ರಮಾಣಕ್ಕೆ ನೂರರಲ್ಲಿ ಐದು ಅಂಕವಿದೆ. ನಮ್ಮದೇ ರಾಷ್ಟ್ರೀಯ ಶ್ರೇಯಾಂಕದಲ್ಲೂ ಹೊರರಾಜ್ಯ, ಹೊರದೇಶದವರಿಗೆ ಒಂದು ಪಾಲಿದೆ. 2021ರಲ್ಲಿ ಯುಜಿಸಿ ಪ್ರತಿ ವಿಶ್ವವಿದ್ಯಾಲಯವೂ ಅಂತಾರಾಷ್ಟ್ರೀಯ ವ್ಯವಹಾರಗಳ ಕಚೇರಿ ತೆರೆಯಬೇಕೆಂದಿತು. 2022ರಲ್ಲಿ ಶೇಕಡಾ 25ರವರೆಗೆ ಹೆಚ್ಚುವರಿ ಸೀಟು ಕೊಡಬಹುದೆಂದಿತು. ಕಚೇರಿಗಳೇನೋ ತೆರೆದವು. ಅನೇಕ ಕಡೆ ಅದು ಒಂದು ಬೋರ್ಡು, ಒಬ್ಬ ‘ಹೆಚ್ಚುವರಿ ಪ್ರಭಾರ’ದ ಪ್ರಾಧ್ಯಾಪಕ, ಒಬ್ಬ ಗುತ್ತಿಗೆ ಗುಮಾಸ್ತ. ಪಾಪ, ಆ ಗುಮಾಸ್ತನೇ ವಿದ್ಯಾರ್ಥಿಗಳ ಪಾಲಿಗೆ ಇಡೀ ಭಾರತ ದೇಶ. ವಿದೇಶಿಯರ ನೋಂದಣಿ ಕಚೇರಿಯಲ್ಲಿ ಬಂದ 14 ದಿನದೊಳಗೆ ಹೆಸರು ಬರೆಸಬೇಕು ಎಂದು ಹೇಳುವವನೂ ಅವನೇ, ಅದಕ್ಕೆ ಬೇಕಾದ ಬಾಡಿಗೆ ಕರಾರು ಪತ್ರ ಎಲ್ಲಿಂದ ತರುವುದು ಎಂದು ಕೇಳಿದರೆ ತಲೆ ಕೆರೆದುಕೊಳ್ಳುವವನೂ ಅವನೇ.

ಆ ಬಾಡಿಗೆ ಮನೆಯ ಕಥೆ ನಮ್ಮ ಓದುಗರಿಗೆ ಹೊಸದಲ್ಲ. ಬೆಂಗಳೂರಿನಲ್ಲಿ ಮುಸ್ಲಿಂ ಹೆಸರು ಹೇಳಿ ಮನೆ ಹುಡುಕಿದವರಿಗೆ ಅದರ ರುಚಿ ಗೊತ್ತಿದೆ. ಆಫ್ರಿಕದ ಹುಡುಗನಿಗೆ ಅದು ಎರಡು ಪಟ್ಟು. ವಿದೇಶಿಯನಿಗೆ ಮನೆ ಕೊಟ್ಟ ಮಾಲೀಕ 24 ಗಂಟೆಯೊಳಗೆ ಸರ್ಕಾರಕ್ಕೆ ತಿಳಿಸಬೇಕೆಂಬ ನಿಯಮವಿದೆ. ಅದು ಬರೀ ಕಾಗದದ ಕೆಲಸ, ಆದರೆ ‘ಪೊಲೀಸ್ ರಗಳೆ ಬೇಡಪ್ಪ’ ಎನ್ನಲು ಒಳ್ಳೆಯ ನೆಪ. ಇಲ್ಲಿ ನಮ್ಮವರನ್ನೂ ಬಿಡಬಾರದು. ಮುಸ್ಲಿಂ ಮೊಹಲ್ಲಾಗಳಲ್ಲಿ ಮನೆ ಸುಲಭವಾಗಿ ಸಿಗುತ್ತದೆ, ನಿಜ. ಬಾಡಿಗೆಯೂ ಒಂದೂವರೆ ಪಟ್ಟು ಆಗುತ್ತದೆ. ಜುಮಾದಲ್ಲಿ ಭುಜಕ್ಕೆ ಭುಜ ಕೊಟ್ಟು ನಿಂತವರೇ ಹೊರಗೆ ಬಂದು ಸುಡಾನಿ ಹುಡುಗನನ್ನು ‘ಹಬ್ಶಿ’ ಎಂದು ಕರೆದು ನಗುವುದನ್ನು ನೋಡಿದ್ದೇನೆ. ಹಝ್ರತ್ ಬಿಲಾಲರ ಹೆಸರಿನ ಮಸೀದಿ ಇಲ್ಲದ ಊರಿಲ್ಲ ನಮಗೆ! ಯಲ್ಲಾಪುರ, ಹಳಿಯಾಳದ ಕಾಡುಗಳಲ್ಲಿ ಶತಮಾನಗಳಿಂದ ಇರುವ ನಮ್ಮ ಸಿದ್ದಿಗಳನ್ನೇ, ಅವರಲ್ಲಿ ಮುಸ್ಲಿಮರೂ ಅನೇಕರಿದ್ದಾರೆ, ‘ನೀವು ಯಾವ ದೇಶದವರು’ ಎಂದು ಬಸ್ಸಿನಲ್ಲಿ ಕೇಳುವ ಜನ ನಾವು.

2016ರ ಜನವರಿ 31ರ ರಾತ್ರಿ ಬೆಂಗಳೂರಿನ ಹೊರವಲಯದಲ್ಲಿ ಸುಡಾನಿನವನೊಬ್ಬನ ಕಾರು ಬಡಿದು ಮಹಿಳೆಯೊಬ್ಬರು ಸತ್ತರು. ಸತ್ತವರು ಮುಸ್ಲಿಂ ಮಹಿಳೆ. ಅರ್ಧ ಗಂಟೆಯ ಬಳಿಕ ಅದೇ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಗುಂಪು ಕಾರಿನಿಂದ ಎಳೆದು ಥಳಿಸಿತು, ಕಾರಿಗೆ ಬೆಂಕಿ ಹಚ್ಚಿತು. ಆಕೆಗೂ ಆ ಅಪಘಾತಕ್ಕೂ ಇದ್ದ ಸಂಬಂಧ ಚರ್ಮದ ಬಣ್ಣ ಮಾತ್ರ. 2024ರ ಮಾರ್ಚ್ 16ರ ರಾತ್ರಿ ಅಹಮದಾಬಾದಿನ ಗುಜರಾತ್ ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ತರಾವೀಹ್ ನಮಾಝ್ ಮಾಡುತ್ತಿದ್ದ ವಿದೇಶಿ ವಿದ್ಯಾರ್ಥಿಗಳ ಮೇಲೆ ಗುಂಪೊಂದು ನುಗ್ಗಿತು. ಅಫಘಾನಿಸ್ತಾನ, ಶ್ರೀಲಂಕಾ, ತುರ್ಕ್‌ಮೆನಿಸ್ತಾನ, ಆಫ್ರಿಕದ ಮಕ್ಕಳು. ಕೆಲವರು ಆಸ್ಪತ್ರೆ ಸೇರಿದರು. ಬಂಧನಗಳಾದವು, ಹಾಸ್ಟೆಲು ಬದಲಾಯಿಸಿದರು, ಅಷ್ಟನ್ನು ಒಪ್ಪಬೇಕು. ಆದರೆ ಕುಲಪತಿಗಳ ಮಾತು, ವಿದೇಶಿ ವಿದ್ಯಾರ್ಥಿಗಳಿಗೆ ಸ್ಥಳೀಯ ಸಾಂಸ್ಕೃತಿಕ ಸೂಕ್ಷ್ಮಗಳ ಬಗ್ಗೆ ತರಬೇತಿ ಬೇಕು ಎಂಬ ಕಡೆಗೆ ಹೊರಳಿತು. ಹೊಡೆದವರಿಗೆ ತರಬೇತಿ ಬೇಡವೇ? ಕರೆಸಿಕೊಂಡವರ ಮನೆಯಲ್ಲಿ ಅತಿಥಿ ಪೆಟ್ಟು ತಿಂದರೆ, ಅತಿಥಿಗೆ ಶಿಷ್ಟಾಚಾರ ಕಲಿಸುವುದು ಯಾವ ಊರಿನ ರೀತಿ?

ಇದೆಲ್ಲ ಹೊರಗಿನವರ ಕಥೆಯಷ್ಟೇ ಅಲ್ಲ. 2022ರ ಫೆಬ್ರವರಿ 5ರಂದು ಕರ್ನಾಟಕ ಸರ್ಕಾರ ಸಮವಸ್ತ್ರದ ಆದೇಶ ಹೊರಡಿಸಿ, ಉಡುಪಿಯಿಂದ ಶಿವಮೊಗ್ಗದವರೆಗೆ ಹುಡುಗಿಯರು ಕಾಲೇಜಿನ ಗೇಟಿನ ಹೊರಗೆ ನಿಂತರಲ್ಲ, ಆ ಚಿತ್ರಗಳು ಖಾರ್ಟೂಮಿಗೂ ಜಕಾರ್ತಾಕ್ಕೂ ಹೋಗಿವೆ. ಮಾರ್ಚ್ 15ರಂದು ಹೈಕೋರ್ಟು ಆದೇಶವನ್ನು ಎತ್ತಿಹಿಡಿಯಿತು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಕಾನೂನಿನ ವಾದ ಒಂದು ಕಡೆ ಇರಲಿ. ಮಲೇಷಿಯಾದ, ಸುಡಾನಿನ ತಂದೆಯೊಬ್ಬ ಮಗಳನ್ನು ಯಾವ ದೇಶಕ್ಕೆ ಕಳುಹಿಸಲಿ ಎಂದು ಯೋಚಿಸುವಾಗ ನಮ್ಮ ಕೈಪಿಡಿಯ ಹುಲ್ಲುಹಾಸನ್ನು ನೋಡುತ್ತಾನೋ, ಆ ಗೇಟನ್ನು ನೋಡುತ್ತಾನೋ? ಊರಿನ ಮಗಳಿಗೆ ಗೇಟಿನಲ್ಲಿ ತಡೆ, ಹೊರದೇಶದ ಮಗಳಿಗೆ ಸ್ವಾಗತ ಎಂದು ಯಾರೂ ನಂಬುವುದಿಲ್ಲ. ಹದಿನಾಲ್ಕನೆಯ ಶತಮಾನದಲ್ಲಿ ನಮ್ಮ ಹೊನ್ನಾವರಕ್ಕೆ ಬಂದ ಇಬ್ನ್ ಬತೂತ ಅಲ್ಲಿ ಹುಡುಗರಿಗೆ 23, ಹುಡುಗಿಯರಿಗೆ 13 ಶಾಲೆಗಳನ್ನು ಕಂಡುದಾಗಿ ಬರೆದ. ಪರದೇಶಿಗಳು ನಮ್ಮ ಬಗ್ಗೆ ಬರೆಯುವುದು ಹೀಗೆ, ಊರಿನ ಮಕ್ಕಳನ್ನು ಊರು ಹೇಗೆ ಇಟ್ಟುಕೊಂಡಿದೆ ಎಂದು ನೋಡಿ.

ಏಜೆಂಟರ ವಿಷಯವನ್ನು ಹೆಚ್ಚು ಬೆಳೆಸುವುದಿಲ್ಲ. ನಕಲಿ ಪ್ರವೇಶ ಪತ್ರ ನಂಬಿ ಕೆನಡಾಕ್ಕೆ ಹೋಗಿದ್ದ ನಮ್ಮ ಪಂಜಾಬಿನ ಮಕ್ಕಳು 2023ರಲ್ಲಿ ಗಡೀಪಾರಿನ ನೋಟಿಸು ಹಿಡಿದು ಬೀದಿಯಲ್ಲಿ ಕುಳಿತದ್ದನ್ನು ಎಲ್ಲರೂ ನೋಡಿದ್ದೇವೆ. ಆಗ ಕೆನಡಾದ ಕಾಲೇಜುಗಳನ್ನು ಬೈದ ಬಾಯಿಯಲ್ಲೇ ನಾವು ಅದೇ ಬಗೆಯ ಏಜೆಂಟರಿಗೆ ತಲೆಗಿಷ್ಟು ಎಂದು ಕೊಡಲು ಹೊರಟಿರುವುದು ಒಂದು ವಿಪರ್ಯಾಸ. ಮರುವರ್ಷವೇ ಕೆನಡಾ ಸಂಖ್ಯೆಗೆ ಮಿತಿ ಹಾಕಿತು, ಬ್ರಿಟನ್ನಿನಲ್ಲಿ ವಿದೇಶಿ ಶುಲ್ಕವನ್ನೇ ನೆಚ್ಚಿದ್ದ ವಿಶ್ವವಿದ್ಯಾಲಯಗಳು ಸಂಖ್ಯೆ ಇಳಿದಾಗ ಸಿಬ್ಬಂದಿಯನ್ನು ತೆಗೆಯತೊಡಗಿದವು. ಅವರು ಕೈ ಸುಟ್ಟುಕೊಂಡ ಒಲೆ ಅದು.

ಹಾಗಾದರೆ ಮಾಡಬೇಕಾದದ್ದೇನು? ರಾಜ್ಯದ ಒಂದು ಸಾಮಾನ್ಯ ಸರ್ಕಾರಿ ವಿಶ್ವವಿದ್ಯಾಲಯವನ್ನೇ ಇಟ್ಟುಕೊಳ್ಳಿ. ನಲವತ್ತು ದೇಶಗಳ ಪಟ್ಟಿಯನ್ನು ಹರಿದು ಮೂರನ್ನು ಉಳಿಸಿಕೊಳ್ಳಲಿ. ಅಲ್ಲಿಯ ಹಳೆಯ ವಿದ್ಯಾರ್ಥಿಗಳ ವಿಳಾಸ ಪರೀಕ್ಷಾ ವಿಭಾಗದ ದೂಳು ಹಿಡಿದ ಕಡತಗಳಲ್ಲೇ ಇರುತ್ತದೆ, ಅವರಿಗೆ ಒಂದು ಕಾಗದ ಬರೆಯಲಿ. ಆ ದೇಶದಲ್ಲಿ ನಮ್ಮ ಪದವಿಗೆ ಮಾನ್ಯತೆ ಇದೆಯೇ ಎಂದು ಮೊದಲು ತಿಳಿದು, ಇಲ್ಲದಿದ್ದರೆ ಇಲ್ಲವೆಂದು ಬರೆಯಲಿ. ಐವತ್ತು ಜನ ಬರಲಿ, ಸಾಕು. ಬೇಸಿಗೆ ರಜೆಯಲ್ಲಿ ಹಾಸ್ಟೆಲಿಗೆ ಬೀಗ ಹಾಕಿ ಮೆಸ್ ಮುಚ್ಚಿ ಎಲ್ಲರೂ ಊರಿಗೆ ಹೋಗುತ್ತಾರೆ, ಆ ಎರಡು ತಿಂಗಳು ಊರೇ ಇಲ್ಲದವನು ಎಲ್ಲಿ ಮಲಗುತ್ತಾನೆ, ಏನು ತಿನ್ನುತ್ತಾನೆ ಎಂಬುದಕ್ಕೆ ಲಿಖಿತ ಉತ್ತರ ಇರಲಿ. ಮೂರು ತಿಂಗಳ ಕನ್ನಡ ತರಗತಿ ಇರಲಿ, ಪರೀಕ್ಷೆಗಾಗಿ ಅಲ್ಲ, ಆಟೋದವನೊಡನೆ ಜಗಳ ಆಡಲು, ಅಂಗಡಿಯವನನ್ನು ‘ಅಣ್ಣಾ’ ಎಂದು ಕರೆಯಲು. ಭಾಷೆ ಬಂದವನನ್ನು ಗುಂಪು ಅಷ್ಟು ಸುಲಭವಾಗಿ ಪರಕೀಯ ಎನ್ನಲಾರದು. ಅವನೊಡನೆ ಕೋಣೆ ಹಂಚಿಕೊಳ್ಳಲು ರಾಯಚೂರಿನವನೋ ಚಾಮರಾಜನಗರದವನೋ ಇರಲಿ, ವಿದೇಶಿಯರಿಗೆಂದೇ ಬೇರೆ ಬ್ಲಾಕ್ ಕಟ್ಟಿ ಕೂಡಿಹಾಕುವುದು ಬೇಡ. ಆಫಾಕಿ ದಖ್ಖನಿಗಳ ಹಗೆ ಬೆಳೆದದ್ದು ಬೇರೆ ಬೇರೆ ಪಂಕ್ತಿಗಳಲ್ಲಿ ಕುಳಿತು. ನಮ್ಮ ಹುಡುಗರಿಗೂ ಇದರಿಂದ ಲಾಭವಿದೆ. ವಿದೇಶಕ್ಕೆ ಹೋಗಲಾರದ ಬಡವರ ಮನೆಯ ಹುಡುಗನಿಗೆ ವಿದೇಶವೇ ಕೋಣೆಗೆ ಬಂದಂತೆ.

ಇದಕ್ಕೆಲ್ಲ ಹಣ ಎಲ್ಲಿದೆ ಎನ್ನುವರು. ಏಜೆಂಟರಿಗೆ, ಮೇಳಗಳಿಗೆ ಇದೆಯಲ್ಲ, ಅಲ್ಲಿಂದ ಆರಂಭಿಸಬಹುದು. ರಾಜ್ಯದ ವಕ್ಫ್ ಆಸ್ತಿಗಳ ಬಗ್ಗೆ ದಿನಕ್ಕೊಂದು ಗದ್ದಲ ಕೇಳುತ್ತೇವೆ. ಒಂದು ಊರಿನಲ್ಲಾದರೂ ಒಂದು ವಕ್ಫ್ ಮನೆಯನ್ನು ಜಾತಿ ಧರ್ಮ ಕೇಳದೆ ಪರದೇಶಿ ವಿದ್ಯಾರ್ಥಿಗಳ ತಂಗುದಾಣವಾಗಿ ನಡೆಸಿ ತೋರಿಸಿದರೆ, ರಿವಾಕ್‌ಗಳ ಬಗ್ಗೆ ನಾವು ಕೊಚ್ಚಿಕೊಳ್ಳುವುದಕ್ಕೆ ಸ್ವಲ್ಪ ಅರ್ಥ ಬರುತ್ತದೆ. ಝಕಾತಿನ ಲೆಕ್ಕದಲ್ಲಿ ‘ಇಬ್ನುಸ್ಸಬೀಲ್’ ಎಂಬ ಕಾಲಂ ನಮ್ಮ ಬೈತುಲ್ ಮಾಲ್‌ಗಳಲ್ಲಿ ಬಹುತೇಕ ಖಾಲಿಯೇ ಇರುತ್ತದೆ.

ಕೊನೆಗೆ ಸಾಹಿತ್ಯದ ಮಾತು. ಹೊರಗೆ ಹೋಗಿ ಬಂದವರ ಬರಹ ಕನ್ನಡದಲ್ಲಿ ಕಪಾಟು ತುಂಬ ಇದೆ. ಗೋಕಾಕರ ‘ಸಮುದ್ರದಾಚೆಯಿಂದ’, ಕಾರಂತರ ‘ಅಪೂರ್ವ ಪಶ್ಚಿಮ’, ಮೂರ್ತಿರಾಯರ ಅಮೆರಿಕ, ಗೊರೂರರ ಅಮೆರಿಕ. ಉರ್ದುವಿನಲ್ಲೂ ವಿಲಾಯತಿನ ಸಫರ್‌ನಾಮೆಗಳಿಗೆ ಬರವಿಲ್ಲ. ಆದರೆ ನಮ್ಮಲ್ಲಿಗೆ ಓದಲು ಬಂದವನು ನಮ್ಮ ಕಥೆಗಳಲ್ಲಿ ಬಂದದ್ದು ತೀರಾ ವಿರಳ. ಬಂದರೂ ಬೈಕಿನ ಮೇಲೆ ಹಾದುಹೋಗುವ ಕಪ್ಪು ಹುಡುಗನಾಗಿ, ಬಾಡಿಗೆ ಕೊಡದ ಇರಾನಿಯಾಗಿ. ಸುಡಾನಿನ ತಯ್ಯಿಬ್ ಸಾಲಿಹ್ 1966ರಲ್ಲೇ ಲಂಡನ್ನಿಗೆ ಓದಲು ಹೋಗಿ ಬಂದವನೊಬ್ಬನ ಸುತ್ತ ಅರಬಿ ಭಾಷೆಯ ಬಹು ದೊಡ್ಡ ಕಾದಂಬರಿಯೊಂದನ್ನು ಬರೆದರು. ಅವರ ಊರಿನ ಮಕ್ಕಳು ಆನಂತರ ಮೈಸೂರಿಗೆ, ಬೆಂಗಳೂರಿಗೆ ಬಂದರು, ನಮ್ಮ ಪಕ್ಕದ ಬೆಂಚಿನಲ್ಲಿ ಕುಳಿತು ಓದಿ ಹೋದರು. ರಮಝಾನಿನ ಸಹರಿಗೆ ಏನು ಉಂಡರು, ಮನೆಯ ಸಾವಿನ ಸುದ್ದಿಯನ್ನು ಯಾವ ಟೆಲಿಫೋನ್ ಬೂತಿನಲ್ಲಿ ನಿಂತು ಕೇಳಿದರು, ಹೋಗುವಾಗ ಯಾವ ಕನ್ನಡ ಪದವನ್ನು ಒಯ್ದರು, ನಾವು ಯಾರೂ ಬರೆದಿಡಲಿಲ್ಲ.